ನೀಲಗಿರಿ ಮರ: ವಿಶಾಲ ತೋಟಗಳಲ್ಲಿ

ಮಿರ್ಟೇಸಿ ಕುಟುಂಬದ ಯೂಕಲಿಪ್ಟಸ್ ಜಾತಿಗೆ ಸೇರಿದ, ಎಲೆಯಲ್ಲಿ ಸುವಾಸನೆಯ ತೈಲವಿರುವ ನಿತ್ಯಹರಿದ್ವರ್ಣ ಮರ. ಇದರ 700ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲು ಆಸ್ಟ್ರೇಲಿಯ ಮೂಲದವು. ಟಿಪ್ಪು ಸುಲ್ತಾನನು 1790ರ ಸುಮಾರಿಗೆ ನಂದಿಬೆಟ್ಟದ ತೋಟದಲ್ಲಿ ಇದನ್ನು ಬೆಳೆಸಿದನೆಂದು ಹೇಳಲಾಗಿದೆ.

ಬಿಸಿಲು ಧಾರಾಳವಾಗಿ ಬೀಳುವ, ನೀರು ನಿಲ್ಲದ ನೆಲ ಇದಕ್ಕೆ ಒಗ್ಗುತ್ತದೆ. ಚೀಲದೊಳಗೆ ಬೇರು ಸುರುಳಿ ಸುತ್ತಿಕೊಂಡ ದೊಡ್ಡ ಸಸಿ ಮುಂದೆ ಗಾಳಿಗೆ ಬುಡಸಮೇತ ಉರುಳುವ ಸಂಭವವಿರುವುದರಿಂದ, ಎಳೆಯ ಸಸಿಯನ್ನು ಮುಂಗಾರಿನ ಆರಂಭದಲ್ಲಿ ನೆಟ್ಟು, ಮೊದಲ ವರ್ಷ ಸುತ್ತಲಿನ ಕಳೆ ತೆಗೆದು, ಗೆದ್ದಲಿನಿಂದ ಕಾಪಾಡುವುದು ಮುಖ್ಯ. ಕಾಂಡ ಗಾಳಿಗೆ ತುಸು ಅಲುಗಾಡುತ್ತಲೇ ಬಲಿಯುವುದರಿಂದ ಊರುಗೋಲಿಗೆ ಬಿಗಿದು ಕಟ್ಟಬಾರದು. ಬಲಿತ ಮರದ ಭಾರವಾದ ಕೊಂಬೆಗಳು ಗಾಳಿಯಿಲ್ಲದ ದಿನವೂ ಮುರಿದು ಬೀಳಬಲ್ಲವು. ಆದ್ದರಿಂದ ಮನೆ, ಕಾಲುದಾರಿ, ವಿದ್ಯುತ್ ತಂತಿಗಳಿಂದ ಮರದ ಪೂರ್ಣ ಎತ್ತರದಷ್ಟಾದರೂ ದೂರವಿರಬೇಕು. ತೇವವನ್ನು ಬಲವಾಗಿ ಹೀರುವ ಇದನ್ನು ಬಾವಿಯ ಬಳಿ, ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಸಾಲುಸಾಲಾಗಿ ನೆಡುವುದು ಅವಿವೇಕವೇ ಸರಿ. ಅಂತರ್ಜಲದ ಕಾಳಜಿಯಿಂದ ಕರ್ನಾಟಕ ಸರ್ಕಾರ 2017ರಲ್ಲಿ ಹೊಸ ನೆಡುತೋಪುಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು.

ಅನೇಕ ಪ್ರಭೇದಗಳ ಬುಡದಲ್ಲಿ ಮಣ್ಣಿನ ಮಟ್ಟಕ್ಕೆ ಮರಗಂಟು, ಅಂದರೆ ಸುಪ್ತ ಮೊಗ್ಗುಗಳೂ ಆಹಾರವೂ ಸಂಗ್ರಹವಾಗಿರುವ ಊತ, ಇರುತ್ತದೆ. ಕಾಂಡವನ್ನು ಮೋಟು ಕಡಿದಾಗ ಅಲ್ಲಿಂದ ಚಿಗುರುಗಳು ಗುಂಪಾಗಿ ಹೊರಡುತ್ತವೆ. ಯೂಕಲಿಪ್ಟಸ್ ಗನಿಯೈ ಎಂಬ ಟಾಸ್ಮೇನಿಯದ ಪ್ರಭೇದವನ್ನು ಬ್ರಿಟನ್ನಿನ ತೋಟಗಾರರು ಹೀಗೆಯೇ ಆಗಾಗ ಕಡಿದು, ಬೂದುನೀಲಿ ಬಣ್ಣದ ದುಂಡನೆಯ ಎಳೆ ಎಲೆಗಳು ಸದಾ ಇರುವಂತೆ ಪೊದೆಯಾಗಿ ಉಳಿಸಿಕೊಳ್ಳುತ್ತಾರೆ. ಕಡಿಯದೆ ಬಿಟ್ಟರೆ ಅದೇ ಮರದಲ್ಲಿ ನೀಳ ಎಲೆಗಳು ಮೂಡುತ್ತವೆ. ಕಳಚಿ ಬೀಳುವ ತೊಗಟೆ ಮತ್ತು ತರಗೆಲೆ ತೈಲದಿಂದಾಗಿ ಬೇಗ ಹೊತ್ತಿಕೊಳ್ಳುವುದರಿಂದ ಬೇಸಿಗೆಗೆ ಮುನ್ನ ಅವನ್ನು ಗುಡಿಸಿ ತೆಗೆಯಬೇಕು.