ಜಿಲ್ಲಾ ಬೋರ್ಡು ರೈಲು ಓಡಿಸಿದ ಕಾಲ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರುಗಳಲ್ಲಿ ರೈಲ್ವೆ ಸ್ಟೇಷನ್ ಇದೆ. ಬೀರೂರು ಜಂಕ್ಷನ್ನನ್ನು ನಡುವೆ ಇಟ್ಟು ನಕ್ಷೆ ನೋಡಿದರೆ ಈ ಹಳಿಗಳು ಕವೆಗೋಲಿನಂತೆ ಕಾಣುತ್ತವೆ. ಹಿಡಿ ಇರುವುದು ಕಡೂರಿನ ಕಡೆ. ಒಂದು ಕವಲು ಅಜ್ಜಂಪುರ, ಶಿವನಿ, ಚಿಕ್ಕಜಾಜೂರು ದಾಟಿ ಹರಿಹರದತ್ತ ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿಯ ಮೂಲಕ ಶಿವಮೊಗ್ಗಕ್ಕೆ. ಇಂದು ಇದೆಲ್ಲ ಒಂದೇ ಭಾರತೀಯ ರೈಲ್ವೆ. ಆದರೆ ನೂರು ವರ್ಷ ಹಿಂದಕ್ಕೆ ಹೋಗಿ 'ಈ ರೈಲು ಯಾರದು?' ಎಂದು ಕೇಳಿದ್ದರೆ ಒಂದೊಂದು ಹಳಿಗೂ ಒಂದೊಂದು ಉತ್ತರ ಸಿಗುತ್ತಿತ್ತು. ರೈಲಿನ ಚರಿತ್ರೆಯಲ್ಲಿ ನಾವು ಇಂಜಿನ್ನು, ಸೇತುವೆ, ಸುರಂಗಗಳ ಬಗ್ಗೆ ಬರೆದಷ್ಟು ಒಡೆತನದ ಬಗ್ಗೆ ಬರೆದಿಲ್ಲ ಎಂಬುದು ನನ್ನ ಭಾವನೆ.

ಮೈಸೂರು ಸಂಸ್ಥಾನಕ್ಕೆ ರೈಲಿನ ತುರ್ತು ಮನವರಿಕೆಯಾದದ್ದು 1876-78ರ ಭೀಕರ ಬರದಲ್ಲಿ. ಬೆಂಗಳೂರು–ಮೈಸೂರು ಮಾರ್ಗ 1882ರಲ್ಲಿ ಮುಗಿಯಿತು. ಸಾಲದ ಹೊರೆ ಹೊತ್ತಿದ್ದ ಸಂಸ್ಥಾನ 1886ರಲ್ಲಿ ತನ್ನ ರೈಲುಗಳನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿತು. ಆ ಕಂಪನಿ 1889ರಲ್ಲಿ ಹಳಿಯನ್ನು ಹರಿಹರ ಮುಟ್ಟಿಸಿತು. ಹಾಗಾಗಿ ಕಡೂರು, ಅಜ್ಜಂಪುರದವರು ಕಂಡ ಮೊದಲ ರೈಲಿನ ಯಜಮಾನರು ಲಂಡನ್ನಿನಲ್ಲಿದ್ದರು. ತರೀಕೆರೆಯ ಮೇಲೆ ಹಾಯುವ ಬೀರೂರು–ಶಿವಮೊಗ್ಗ ಮಾರ್ಗ ತೆರೆದದ್ದು 1899ರಲ್ಲಿ.

ಕಂಪನಿಗೂ ಸಂಸ್ಥಾನಕ್ಕೂ ಹೊರತಾದ ಮೂರನೆಯ ಬಗೆಯ ಯಜಮಾನನೊಬ್ಬ ಇದೇ ಕಾಲದಲ್ಲಿ ಪಕ್ಕದ ಮದ್ರಾಸ್ ಪ್ರಾಂತದಲ್ಲಿ ಹುಟ್ಟಿಕೊಂಡ. ಅದು ಜಿಲ್ಲಾ ಬೋರ್ಡು. ಈಗಿನ ಜಿಲ್ಲಾ ಪಂಚಾಯತಿಯ ಹಿರೀಕ ಅನ್ನಬಹುದು. ತಂಜಾವೂರಿನ ಜಿಲ್ಲಾ ಬೋರ್ಡು ಜಮೀನಿನ ಮೇಲೆ ರೂಪಾಯಿಗೆ 3 ಪೈನಂತೆ ರೈಲ್ವೆ ಸೆಸ್ಸು ಎತ್ತಿತು. ರೂಪಾಯಿಗೆ 192 ಪೈ ಇದ್ದ ಕಾಲ ಅದು. ಅಂದರೆ ರೂಪಾಯಿಯಲ್ಲಿ ಅರವತ್ನಾಲ್ಕನೇ ಒಂದು ಪಾಲು. ಆ ಹಣದ ಬಲದಿಂದ ಮಾಯಾವರಂ–ಮುತ್ತುಪೇಟೆ ಮಾರ್ಗ 1894ರಲ್ಲಿ ತೆರೆಯಿತು. ರೈಲು ಓಡಿಸುವ ಕೆಲಸ ಸೌತ್ ಇಂಡಿಯನ್ ರೈಲ್ವೆಯದು, ಹಳಿ ಮಾತ್ರ ಬೋರ್ಡಿನದು. ಆಮೇಲೆ ಕೃಷ್ಣಾ, ಗುಂಟೂರು, ಕೊಯಮತ್ತೂರು, ಸೇಲಂ ಜಿಲ್ಲೆಗಳೂ ಇದೇ ದಾರಿ ಹಿಡಿದವು.

ನಮ್ಮಲ್ಲಿ ಈ ಪ್ರಯೋಗಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ ಕೋಲಾರ. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ಹಳಿ ಬಂತು. ಜಿಲ್ಲಾ ಬೋರ್ಡಿನ ಹೆಸರನ್ನೇ ಹೊತ್ತ ಆ ರೈಲು ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಟ್ಟಿ ಚಿಕ್ಕಬಳ್ಳಾಪುರಕ್ಕೆ ಬಂತು. ಅಲ್ಲಿಂದ ಬೆಂಗಳೂರಿನ ಕಡೆಗೆ ಇನ್ನೊಂದು ಲೈಟ್ ರೈಲ್ವೆ ಕಂಪನಿಯ ಹಳಿ ಇತ್ತು. ಯಾವ ದೊಡ್ಡ ಕಂಪನಿಯೂ ಈ ದಾರಿ ಆರಿಸುತ್ತಿರಲಿಲ್ಲ. ದೂರದ ಎರಡು ಪಟ್ಟಣಗಳನ್ನು ಜೋಡಿಸುವುದು ಅದರ ಉದ್ದೇಶವೇ ಅಲ್ಲ. ತಾಲ್ಲೂಕು ಕೇಂದ್ರದಿಂದ ತಾಲ್ಲೂಕು ಕೇಂದ್ರಕ್ಕೆ, ಸಂತೆಯಿಂದ ಸಂತೆಗೆ ಹೋಗುವ ದಾರಿ ಅದು.

ಇದೇ ದಶಕದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18), ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಒಂದು ಪುಟ್ಟ ಹಳಿ ಬಂತು. ಅಗಲ ಎರಡೇ ಅಡಿ, ಉದ್ದ ಸುಮಾರು 27 ಮೈಲಿ. ಇದು ಸಂಸ್ಥಾನದ ಸ್ವತ್ತು, ಬೋರ್ಡಿನದಲ್ಲ. ಆದರೆ ಗುಣದಲ್ಲಿ ಕೋಲಾರದ ರೈಲಿಗೆ ತಮ್ಮನೇ. ಮಲೆನಾಡಿನ ಮರ ಇಳಿಯಬೇಕು, ಬಯಲಿನ ದವಸ ಹತ್ತಬೇಕು. ಎಡೇಹಳ್ಳಿ ಎಂಬ ಊರು ಯುವರಾಜರ ಹೆಸರು ಪಡೆದು ನರಸಿಂಹರಾಜಪುರವಾದದ್ದೂ ಈ ಕಾಲದಲ್ಲೇ. ಈಗ ಆ ಪುಟ್ಟ ರೈಲಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ಆ ಕಣಿವೆಯ ಚಹರೆಯನ್ನೇ ಬದಲಿಸಿದೆ.

ಈ ಸಣ್ಣ ರೈಲುಗಳು ಸೋತದ್ದೇಕೆ? ಮೊದಲನೆಯದು ಹಳಿಯ ಅಗಲ. ತರೀಕೆರೆಯಲ್ಲಿ ಎರಡಡಿ ಹಳಿಯ ಗಾಡಿಯಿಂದ ಮೀಟರ್ ಗೇಜ್ ಗಾಡಿಗೆ ಪ್ರತಿ ಮೂಟೆಯನ್ನೂ ಆಳುಗಳೇ ಎತ್ತಿ ಹಾಕಬೇಕು. ಅಗ್ಗವಾಗಿ ಕಟ್ಟಿದ ಉಳಿತಾಯವನ್ನು ಕೂಲಿ ತಿನ್ನುತ್ತದೆ. ಎರಡನೆಯದು ಬಸ್ಸು. 1930ರ ದಶಕದ ಹೊತ್ತಿಗೆ ಬಸ್ಸು-ರೈಲಿನ ಪೈಪೋಟಿ ದೇಶದ ಚಿಂತೆಯಾಗಿ, 1933ರಲ್ಲಿ ಮಿಚೆಲ್–ಕಿರ್ಕ್‌ನೆಸ್ ವರದಿ, 1937ರಲ್ಲಿ ವೆಜ್‌ವುಡ್ ಸಮಿತಿಯ ವರದಿ ಬಂದವು. ಜಿಲ್ಲಾ ಬೋರ್ಡಿನ ಮುಖ್ಯ ಕೆಲಸವೇ ರಸ್ತೆ ಮಾಡಿಸುವುದು. ಒಂದು ಕೈಯಿಂದ ಹಳಿ ಹಾಕಿದ ಬೋರ್ಡು ಇನ್ನೊಂದು ಕೈಯಿಂದ ಹಾಕಿದ ರಸ್ತೆಯ ಮೇಲೆ ಬಸ್ಸು ಬಂದು, ಅದರದೇ ರೈಲಿನ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಯಿತು.

ಬೋರ್ಡುಗಳನ್ನು ಹೊಗಳುವಾಗ ಎಚ್ಚರವೂ ಬೇಕು. ಅವು ಇಂದಿನ ಅರ್ಥದ ಪ್ರಜಾಪ್ರಭುತ್ವ ಸಂಸ್ಥೆಗಳಲ್ಲ. ಬಹುಕಾಲ ಅಧಿಕಾರಿಯೇ ಅಧ್ಯಕ್ಷ, ಸದಸ್ಯರಲ್ಲಿ ಅನೇಕರು ನಾಮಕರಣಗೊಂಡವರು, ಮತದಾನದ ಹಕ್ಕು ಆಸ್ತಿವಂತರದು. ಜಮೀನಿನ ಮೇಲಿನ ಸೆಸ್ಸಿನ ಭಾರ ಕೊನೆಗೆ ಗೇಣಿದಾರನ ಬೆನ್ನಿಗೂ ತಗಲುತ್ತಿತ್ತು, ಆದರೆ ಹಳಿ ಎಲ್ಲಿ ತಿರುಗಬೇಕು ಎಂಬ ಮಾತಿನಲ್ಲಿ ಅವನಿಗೆ ಪಾಲಿರಲಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ರೈಲಿನ ಲೆಕ್ಕ ಜಿಲ್ಲಾ ಕೇಂದ್ರದಲ್ಲೇ ಇತ್ತು. ಕೇಳಲು ಹೋಗಬೇಕಾದ ಬಾಗಿಲು ಜಿಲ್ಲೆಯೊಳಗೇ ಇತ್ತು.

1950ರಲ್ಲಿ ಸಂಸ್ಥಾನದ ರೈಲು ಕೇಂದ್ರ ಸರ್ಕಾರಕ್ಕೆ ಸೇರಿ, 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. ಅದರಿಂದಾದ ಲಾಭ ಅಲ್ಲಗಳೆಯುವಂಥದ್ದಲ್ಲ. ಒಂದೇ ಟಿಕೆಟ್ಟು, ಒಂದೇ ಅಗಲದ ಹಳಿ, ಕಡೂರಿನಲ್ಲಿ ಹತ್ತಿ ದೂರದ ರಾಜ್ಯದಲ್ಲಿ ಇಳಿಯುವ ಅನುಕೂಲ. ಆದರೆ ಬಾಗಿಲು ದೂರವಾಯಿತು. 1947ರವರೆಗೆ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ, ಆಡಳಿತ ಕೇಂದ್ರ ಮಾತ್ರ 1865ರಿಂದಲೂ ಚಿಕ್ಕಮಗಳೂರು. ಹೆಸರು ಕೊಟ್ಟ ಕಡೂರಿಗೆ 1889ರ ಹೊತ್ತಿಗೇ ರೈಲು ಬಂದರೆ, 46 ಕಿಲೋಮೀಟರ್ ಆಚೆಯ ಕೇಂದ್ರಕ್ಕೆ ಅದು ತಲುಪಿದ್ದು 2013ರಲ್ಲಿ.

ಬೇರೆ ಕಡೆ ಚಕ್ರ ಹಿಂದಕ್ಕೂ ತಿರುಗಿದೆ. ಜಪಾನಿನ ರಾಷ್ಟ್ರೀಯ ರೈಲ್ವೆ ನಷ್ಟದ ಗ್ರಾಮೀಣ ಮಾರ್ಗಗಳನ್ನು ಕೈಬಿಡಲು ಹೊರಟಾಗ, ಇವಾತೆ ಪ್ರಾಂತವೂ ಅಲ್ಲಿನ ಪುರಸಭೆಗಳೂ ಪಾಲು ಹಾಕಿ 1984ರಲ್ಲಿ ಸಾನ್ರಿಕು ರೈಲ್ವೆಯನ್ನು ನಡೆಸತೊಡಗಿದವು. 2011ರ ಮಾರ್ಚ್ 11ರ ಸುನಾಮಿ ಆ ಕರಾವಳಿಯ ಹಳಿಗಳನ್ನು ಕೊಚ್ಚಿಹಾಕಿತು. ಐದೇ ದಿನಕ್ಕೆ, ಉಳಿದಿದ್ದ ಒಂದು ತುಂಡು ಹಳಿಯ ಮೇಲೆ ರೈಲು ಮತ್ತೆ ಓಡಿತು, ಅದೂ ಪುಕ್ಕಟೆಯಾಗಿ. ಲಾಭದ ಲೆಕ್ಕದಲ್ಲಿ ಸಾನ್ರಿಕು ಬಹುಕಾಲ ಸುಖವಾಗಿರಲಿಲ್ಲ. ಆದರೆ ಓಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅದೇ ಕರಾವಳಿಯಲ್ಲಿದ್ದರು.

ನಮ್ಮಲ್ಲಿ ಸಂವಿಧಾನದ ಏಳನೇ ಅನುಸೂಚಿ ರೈಲ್ವೆಯನ್ನು ಕೇಂದ್ರ ಪಟ್ಟಿಗೆ ಸೇರಿಸಿದೆ. ಅನೇಕ ಹೊಸ ಮಾರ್ಗಗಳಿಗೆ ಕರ್ನಾಟಕ ಸರ್ಕಾರ ಅರ್ಧ ಖರ್ಚು ಕೊಡುತ್ತದೆ. ಹಾಗಿದ್ದೂ ಪ್ಯಾಸೆಂಜರ್ ರೈಲು ಅಜ್ಜಂಪುರದಲ್ಲಿ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದನ್ನು ಚಿಕ್ಕಮಗಳೂರಿನ ಜಿಲ್ಲಾ ಪಂಚಾಯತಿ ತೀರ್ಮಾನಿಸುವಂತಿಲ್ಲ. ಮನವಿ ಕೊಡಬಹುದು, ಅಷ್ಟೆ. ಅದೇ ಅನುಸೂಚಿಯ ರಾಜ್ಯ ಪಟ್ಟಿಯ 13ನೇ ನಮೂದಿನಲ್ಲಿ ರಸ್ತೆ, ಸೇತುವೆ, ದೋಣಿಗಳ ಜೊತೆಗೆ ಪುರಸಭೆಯ ಟ್ರಾಮ್ ಮಾರ್ಗಗಳೂ ಇವೆ. ಹಳಿಯ ಮೇಲೆ ಓಡುವುದೆಲ್ಲ ದೆಹಲಿಯದೇ ಆಗಬೇಕಿಲ್ಲ ಎಂಬ ತಿಳಿವಳಿಕೆ ಇನ್ನೂ ಆ ಸಾಲಿನಲ್ಲಿ ಉಳಿದಿದೆ.