ಬಣ್ಣ ಏಳುವ ಜಾಗ

ನಾನು ಮಾಡಿದ ಮೊದಲ ಲಾರಿಯನ್ನು ಕೈಗಿಟ್ಟಾಗ ಅಪ್ಪ ಕನ್ನಡಕ ಏರಿಸಿ ನೋಡಿದರು. "ಇದೇನು, ಕೆರೆಯಿಂದ ಎತ್ತಿದ್ದಾ?" ಅಂದರು. ನಿಜ ಗಾತ್ರದ 24ನೇ ಒಂದು ಭಾಗದ ಟಾಟಾ ಮರ್ಸಿಡಿಸ್ ಅದು. ಮೂತಿಯಿಂದ ಹಿಂಬಾಗಿಲ ಹಲಗೆವರೆಗೂ ತುಕ್ಕು ಬಳಿದಿದ್ದೆ. ಹಳೆಯದು ಅಂದರೆ ತುಕ್ಕು ಅಂತಲೇ ನನ್ನ ತಿಳಿವಳಿಕೆ.

ಅಪ್ಪ ತುಮಕೂರಿನ ಬಿ.ಎಚ್. ರಸ್ತೆಯ ಶೆಡ್ಡಿನಲ್ಲಿ ಲಾರಿಗೆ ಬಣ್ಣ ಹೊಡೆದೇ ನಮ್ಮನ್ನು ಸಾಕಿದವರು. ನಾನು ಇಲ್ಲಿನ ಎಚ್.ಎಂ.ಟಿ.ಯಲ್ಲಿ ಗಡಿಯಾರ ಜೋಡಿಸುತ್ತಿದ್ದವನು. 1978ರಲ್ಲಿ ಶುರುವಾದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಚಿಮಟ, ಕಣ್ಣಿಗೆ ಕಚ್ಚಿಸುವ ಗಾಜು, ಉಸಿರು ಬಿಗಿಹಿಡಿಯುವ ಅಭ್ಯಾಸ ನನ್ನ ಪಾಲಿಗೆ ಉಳಿದವು. ಆಟಿಕೆ ಲಾರಿ ಹಿಡಿದು ಕೂತದ್ದು ಆಮೇಲೆ.

ಅವತ್ತು ಅಪ್ಪ ಹೇಳಿದ ಲಾರಿಯ ಕಥೆ ನನ್ನ ಯಾವ ಬಣ್ಣದ ಡಬ್ಬಿಯ ಮೇಲೂ ಬರೆದಿರಲಿಲ್ಲ. ಟಾಟಾದವರ ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ 1954ರಲ್ಲಿ ಲಾರಿ ಹೊರತಂದಿತು. ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ "ಟಿ" ಬಂತು. ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿ: ಎಂಜಿನ್ನು, ಬಾನೆಟ್ಟು, ಚಕ್ರ. ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡು, ಹಲಗೆಯ ಮೇಲೆ ಕೂತು ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್ನು, ಬಾಡಿ ಎಲ್ಲ ಬಡಗಿಯ ಕೈಕೆಲಸ. ಮರದ ಚೌಕಟ್ಟು, ಪಕ್ಕಕ್ಕೆ ಹಲಗೆ, ಬಾಗಿಲಿಗೆ ಮೊಳೆ ಹೊಡೆದ ತಗಡು.

"ಮರಕ್ಕೆ ತುಕ್ಕು ಹಿಡಿಯುತ್ತೇನೋ?" ಅಪ್ಪನ ಪ್ರಶ್ನೆ ಇಷ್ಟೇ.

ಹಲಗೆಯ ಮೇಲೆ ಚಕ್ಕೆ ಎದ್ದರೆ ಕಾಣಬೇಕಾದದ್ದು ಮರ. ಬಾಗಿಲಲ್ಲಿ ಎದ್ದರೆ ಮೊದಲು ರೆಡ್ ಆಕ್ಸೈಡ್ ಅಡಿಬಣ್ಣ, ಅದರಡಿ ಕಬ್ಬಿಣ.  ಅದೇ ನಾವು ಹತ್ತಿ ಇಳಿದ ಕೆಂಪು ಸರ್ಕಾರಿ ಬಸ್ಸಿನ ಮೈ ಅಲ್ಯೂಮಿನಿಯಂ ತಗಡು. ಅಲ್ಲಿ ಬಣ್ಣ ಎದ್ದರೆ ಬೆಳ್ಳಗೆ ಹೊಳೆಯುತ್ತದೆ, ಕಂದು ಬಣ್ಣಕ್ಕೆ ಜಾಗವೇ ಇಲ್ಲ.

ಇನ್ನೊಂದು ಸಂಗತಿಯೂ ಇತ್ತು. ಎಫ್.ಸಿ.ಗೆ, ಅಂದರೆ ಫಿಟ್ನೆಸ್ ತಪಾಸಣೆಗೆ, ಹೋಗುವ ಮುಂಚೆ ಲಾರಿಗೆ ಹೊಸ ಬಣ್ಣ ಬೀಳಬೇಕು. ಹಳೆಯದನ್ನು ಪೂರ್ತಿ ಕೆರೆಯುವಷ್ಟು ಪುರುಸೊತ್ತು ಯಾರಿಗಿತ್ತು? ಮೇಲಿಂದ ಮೇಲೆ ಬಳಿದದ್ದೇ. ಹಗ್ಗ ಉಜ್ಜಿ ಉಜ್ಜಿ ಹಲಗೆಯ ಅಂಚು ಸವೆದಾಗ ಕಿತ್ತಳೆಯಡಿ ನೀಲಿ, ನೀಲಿಯಡಿ ಹಸಿರು. ಹಸಿರು ಕಂಡರೆ ಅಪ್ಪ ಮೊದಲ ಸಾಹುಕಾರರ ಹೆಸರು ಹೇಳುತ್ತಿದ್ದರು. ಕುಣಿಗಲ್ ಮೇಲೆ ಮಂಗಳೂರಿಗೆ ಓಡಾಡಿದ ಲಾರಿಯನ್ನು ಬಾಗಿಲ ತಳ ನೋಡಿಯೇ ಗುರುತಿಸುತ್ತಿದ್ದರು. ಉಪ್ಪುಗಾಳಿಗೆ ಬಣ್ಣ ಗುಳ್ಳೆ ಎದ್ದಿರುತ್ತಿತ್ತಂತೆ. ತೆಂಗಿನಕಾಯಿ ಹೊತ್ತು ಇಲ್ಲಿಲ್ಲೇ ಓಡಿದ್ದಕ್ಕೆ ಆ ಗುಳ್ಳೆ ಇಲ್ಲ.

ಬಣ್ಣದಲ್ಲಿ ಕಣ್ಣು ಕಟ್ಟುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿತು. ಆದರೆ ಕಂಪನಿ ನಾಟಕದ ಅರಮನೆ, ಬೀದಿ, ಕಾಡು ಎಲ್ಲ ಬಟ್ಟೆಯ ಮೇಲಿನ ಬಣ್ಣ. ತಾವು ಹುಡುಗರಾಗಿದ್ದಾಗ ಹಗಲಲ್ಲಿ ಪರದೆ ಮುಟ್ಟಿ ನೋಡಿ ಬರೀ ಮಚ್ಚೆ ಕಂಡು ಬೇಜಾರಾಗಿ, ರಾತ್ರಿ ದೀಪದಲ್ಲಿ ಅದೇ ಕಲ್ಲುಗೋಡೆಯಾದದ್ದನ್ನು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ನನ್ನ ಕ್ರಮ ಈಗ ಬದಲಾಗಿದೆ. ಹಲಗೆಗೆ ಮೊದಲು ಮರದ ಬಣ್ಣ. ಅದರ ಮೇಲೆ ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಿಂದ ತಂದ ಹೇರ್ ಸ್ಪ್ರೇ. ಒಣಗಿದ ಮೇಲೆ ಅಕ್ರಿಲಿಕ್ ಹಸಿರು, ಮತ್ತೆ ಸ್ಪ್ರೇ, ಮತ್ತೆ ನೀಲಿ. ಕುಂಚದಲ್ಲಿ ನೀರು ಸವರಿದರೆ ಅಡಿಯ ಸ್ಪ್ರೇ ಕರಗಿ ಮೇಲಿನ ಬಣ್ಣ ಸಡಿಲವಾಗುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಎಬ್ಬಿಸಬೇಕು. ಎನಾಮಲ್ ಬಳಿದರೆ ಈ ಆಟ ನಡೆಯುವುದಿಲ್ಲ. ದೊಡ್ಡ ಲಾರಿಯ ಒಂದು ಸೆಂಟಿಮೀಟರ್ ಚಕ್ಕೆ ನನ್ನದರಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಕಂಡಕಂಡಲ್ಲಿ ಎಬ್ಬಿಸಿದರೆ ಕಜ್ಜಿ ಹಿಡಿದ ಹಾಗೆ ಕಾಣುತ್ತದೆ. ಹಿಡಿಯ ಸುತ್ತ, ಕಾಲಿಡುವ ಮೆಟ್ಟಿಲು, ಸರಪಳಿ ಬಡಿಯುವ ಹಿಂಬಾಗಿಲು, ಅಷ್ಟೇ ಸಾಕು.

ನಿಮ್ಮ ಹಿತ್ತಲಲ್ಲೋ ಗುಜರಿಯಲ್ಲೋ ಮರದ ಬಾಡಿಯ ಹಳೇ ಲಾರಿ ಇನ್ನೂ ನಿಂತಿದ್ದರೆ, ಒಡೆಯುವ ಮುಂಚೆ ಅದರ ಹಲಗೆಯ ಅಂಚಿನ ಒಂದು ಫೋಟೋ ತೆಗೆದಿಡಿ. ಬಿಸಿಲು ಏರುವ ಮೊದಲು ತೆಗೆಯಿರಿ, ಅಡಿಯ ಬಣ್ಣಗಳು ಚೆನ್ನಾಗಿ ಬೀಳುತ್ತವೆ.