ಕರ್ನಾಟಕದಲ್ಲಿ ದೂರವೈದ್ಯಕೀಯ: ಚಿಕಿತ್ಸೆ ಮತ್ತು ವೈದ್ಯಶಿಕ್ಷಣ
(ಅರೇಹಳ್ಳಿ ಹೋಬಳಿಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ)

ಬೇಲೂರು ತಾಲ್ಲೂಕಿನ ಪೂರ್ವಭಾಗ ಹಳೇಬೀಡಿನ ಬಯಲುಸೀಮೆಯಾದರೆ, ಪಶ್ಚಿಮಭಾಗ ಅರೇಹಳ್ಳಿ ಮತ್ತು ಬಿಕ್ಕೋಡು ಹೋಬಳಿಗಳ ಮಲೆನಾಡು. ಕಾಫಿ, ಮೆಣಸಿನ ತೋಟಗಳ ನಡುವೆ ಚದುರಿದ ಊರುಗಳು, ಕೂಲಿ ಕಾರ್ಮಿಕರ ಲೈನು ಮನೆಗಳು, ಮುಂಗಾರಿನ ಬಿರುಮಳೆ, ಇರುಳಿನ ದಾರಿಯಲ್ಲಿ ಕಾಡಾನೆಗಳ ಭಯ ಇವು ಈ ಭಾಗದ ಜನಜೀವನದ ಸಾಮಾನ್ಯ ಸಂಗತಿಗಳು. ಇಲ್ಲಿ ಎದೆನೋವು ಕಾಣಿಸಿಕೊಂಡವನು ಮೊದಲು ಬೇಲೂರನ್ನು ಸೇರಬೇಕು; ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನವನ್ನು ತಲುಪಬೇಕು. ಇದೇ ಜಿಲ್ಲೆಯ ಕೇಂದ್ರಸ್ಥಳದಲ್ಲಿ 1982ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಮುಖ್ಯ ನಿಯಂತ್ರಣ ಸೌಲಭ್ಯ ಸ್ಥಾಪನೆಗೊಂಡಿತು. ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಹಾಸನದಿಂದ ನಿಯಂತ್ರಿಸಲಾಗುತ್ತಿದೆ. ಆಕಾಶದ ಆ ದೂರವನ್ನು ಗೆದ್ದ ವಿಜ್ಞಾನ ನೆಲದ ಈ ದೂರವನ್ನು ಎಷ್ಟರಮಟ್ಟಿಗೆ ಗೆದ್ದಿದೆ ಎಂಬ ಪ್ರಶ್ನೆ ಕರ್ನಾಟಕದ ದೂರವೈದ್ಯಕೀಯದ ಇತಿಹಾಸವನ್ನು ಅರಿಯಲು ಯೋಗ್ಯವಾದ ಆರಂಭಬಿಂದುವಾಗಿದೆ.

ರೋಗಿಯನ್ನು ಒಯ್ಯುವ ಬದಲು ರೋಗದ ಲಕ್ಷಣವನ್ನೇ ಒಯ್ಯುವ ಕಲ್ಪನೆ ಹೊಸದಲ್ಲ. ಹಾಲೆಂಡಿನ ವಿಜ್ಞಾನಿ ವಿಲೆಮ್ ಐಂತೋವನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಲೈಡನ್ ನಗರದ ಆಸ್ಪತ್ರೆಯಲ್ಲಿದ್ದ ರೋಗಿಗಳ ಹೃದಯದ ವಿದ್ಯುತ್ ಸ್ಪಂದನಗಳನ್ನು ದೂರವಾಣಿ ತಂತಿಯ ಮೂಲಕ ಸುಮಾರು ಒಂದೂವರೆ ಕಿ.ಮೀ. ಆಚೆಯ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡು ದಾಖಲಿಸಿದ್ದನು. ಅಂದಿನ ಇಸಿಜಿ ಯಂತ್ರ ಸ್ಥಳಾಂತರಿಸಲಾಗದಷ್ಟು ಭಾರವಾಗಿದ್ದುದೇ ಇದಕ್ಕೆ ಕಾರಣ.

ಕರ್ನಾಟಕದಲ್ಲಿ ಉಪಗ್ರಹದ ಮೂಲಕ ಆರೋಗ್ಯದ ಅರಿವು ಹಳ್ಳಿಗೆ ತಲುಪಿದ್ದು 1975–76ರ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡ ಈ ಪ್ರಯೋಗಕ್ಕೆ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಆಯ್ಕೆಯಾಗಿದ್ದವು. ಕೃಷಿ, ಆರೋಗ್ಯ, ಕುಟುಂಬ ಕಲ್ಯಾಣಗಳ ವಿಷಯವನ್ನು ಗ್ರಾಮಸ್ಥರು ಸಾಮೂಹಿಕವಾಗಿ ನೋಡಿದರು. ಆದರೆ ತೆರೆಯ ಮೇಲೆ ಮಾತನಾಡಿದವರಿಗೆ ಮರುಪ್ರಶ್ನೆ ಹಾಕುವ ಅವಕಾಶ ನೋಡುಗರಿಗೆ ಇರಲಿಲ್ಲ. ಮಾಹಿತಿ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಹರಿಯಿತು.

ಎರಡೂ ದಿಕ್ಕಿನ ಸಂವಾದಕ್ಕೆ ಇನ್ನೂ ಕಾಲು ಶತಮಾನ ಕಾಯಬೇಕಾಯಿತು. 2002ರ ಏಪ್ರಿಲ್‌ನಲ್ಲಿ ಇಸ್ರೋ ಸಹಯೋಗದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಹೆಗ್ಗಡದೇವನಕೋಟೆ ಭಾಗದ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಉಪಗ್ರಹ ಸಂಪರ್ಕ ಪಡೆದವು. ಇಸಿಜಿ ಮತ್ತು ಕ್ಷಕಿರಣ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದು ಕಿರು ಭೂಕೇಂದ್ರದ ಮೂಲಕ ಕಳುಹಿಸುವುದು, ಆ ಕಡೆಯ ಹೃದ್ರೋಗ ತಜ್ಞರು ಅವನ್ನು ಪರಿಶೀಲಿಸಿ ತೆರೆಯ ಮೇಲೆ ರೋಗಿ ಹಾಗೂ ವೈದ್ಯರೊಡನೆ ಮಾತನಾಡುವುದು ಈ ವ್ಯವಸ್ಥೆಯ ಕ್ರಮ. ತಜ್ಞನ ತೀರ್ಮಾನ ಬೆಂಗಳೂರಿನಿಂದ ಬಂದರೂ ಅದನ್ನು ಕಾರ್ಯಗತಗೊಳಿಸುವ ಕೈ ಸ್ಥಳೀಯ ವೈದ್ಯನದೇ ಆಗಿತ್ತು ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ. ಒಂದೊಂದು ರೋಗಿಯ ಚಿಕಿತ್ಸೆಯೂ ಆ ವೈದ್ಯನಿಗೆ ಒಂದೊಂದು ಪಾಠವಾಗುವ ಅವಕಾಶ ಅದರಲ್ಲಿ ಅಡಗಿತ್ತು. ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ಹೀಗೆ ಪಳಗಿದ ವೈದ್ಯ ವರ್ಗಾವಣೆಗೊಂಡರೆ ಉಪಕರಣ ಉಳಿಯುತ್ತದೆ, ಕೌಶಲ ಊರು ಬಿಡುತ್ತದೆ.

ವೈದ್ಯಶಿಕ್ಷಣದ ಚರಿತ್ರೆಯಲ್ಲಿಯೂ ಇದೇ ದ್ವಂದ್ವವನ್ನು ಕಾಣಬಹುದು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಕಕ್ಷೆ ಸೇರಿದಾಗ ಒಬ್ಬ ಉಪನ್ಯಾಸಕ ಏಕಕಾಲಕ್ಕೆ ನೂರಾರು ತರಗತಿಗಳಿಗೆ ಪಾಠ ಹೇಳುವ ದಾರಿ ತೆರೆಯಿತು. ಆದರೆ ಪಾಠ ಕೇಳುವುದು ಬೇರೆ, ರೋಗಿಯ ಮುಂದೆ ನಿಂತು ನಿರ್ಧರಿಸುವುದು ಬೇರೆ. ಈ ಅಂತರವನ್ನು ತುಂಬಲು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ 2003ರಲ್ಲಿ ಎಕೋ ಎಂಬ ಯೋಜನೆಯನ್ನು ರೂಪಿಸಿದರು. ಅದರ ಕ್ರಮದಲ್ಲಿ ದೂರದ ಊರುಗಳ ವೈದ್ಯರು ತಮ್ಮ ರೋಗಿಗಳ ವೃತ್ತಾಂತವನ್ನು ತಜ್ಞರ ಮುಂದಿಡುತ್ತಾರೆ. ಎಲ್ಲರೂ ಕೂಡಿ ಚರ್ಚಿಸುತ್ತಾರೆ. ರೋಗಿ ಮಾತ್ರ ಅದೇ ಸ್ಥಳೀಯ ವೈದ್ಯರ ಆರೈಕೆಯಲ್ಲಿಯೇ ಉಳಿಯುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಈ ಕ್ರಮವನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನಚಿಕಿತ್ಸೆಯ ಕ್ಷೇತ್ರಕ್ಕೆ ಅಳವಡಿಸಿತು. 2018ರಲ್ಲಿ ತನ್ನ ಡಿಜಿಟಲ್ ಅಕಾಡೆಮಿಯನ್ನೂ ಆರಂಭಿಸಿತು. ಚಿಕಿತ್ಸೆ ಮತ್ತು ಶಿಕ್ಷಣ ಇಲ್ಲಿ ಒಂದೇ ಕ್ರಿಯೆಯ ಎರಡು ಮುಖಗಳಾದವು.

ಅರೇಹಳ್ಳಿಯಂತಹ ಹೋಬಳಿಯ ಮಟ್ಟಕ್ಕೆ ದೂರವೈದ್ಯಕೀಯ ಇಳಿದದ್ದು ಇದರ ನಂತರದ ಹಂತದಲ್ಲಿ. 2018ರ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳ ನೇಮಕ ಆರಂಭವಾಯಿತು. ಅವರನ್ನು ವೈದ್ಯರೊಡನೆ ಜೋಡಿಸುವ ಇ-ಸಂಜೀವಿನಿ ವ್ಯವಸ್ಥೆ 2019ರ ನವೆಂಬರ್‌ನಲ್ಲಿ ಪ್ರಾರಂಭವಾಯಿತು. ಕೋವಿಡ್ ದಿಗ್ಬಂಧನದ ಹೊತ್ತಿನಲ್ಲಿ, 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಅದುವರೆಗೆ ಅಸ್ಪಷ್ಟವಾಗಿದ್ದ ಕಾನೂನಿನ ಸ್ಥಿತಿಯನ್ನು ತಿಳಿಗೊಳಿಸಿತು. ಯಾವ ಔಷಧವನ್ನು ಯಾವ ಬಗೆಯ ಸಮಾಲೋಚನೆಯಲ್ಲಿ ಬರೆಯಬಹುದು, ಯಾವುದನ್ನು ಬರೆಯಲೇಬಾರದು ಎಂದು ಅದು ಪಟ್ಟಿ ಮಾಡಿತು. ಆರೋಗ್ಯ ಕಾರ್ಯಕರ್ತೆ ರೋಗಿಯ ಬಳಿಯಿದ್ದು ವೈದ್ಯರನ್ನು ಸಂಪರ್ಕಿಸುವ ವಿಧಾನಕ್ಕೂ ಮಾನ್ಯತೆ ನೀಡಿತು. ತೆರೆಯ ಆಚೆಯ ವೈದ್ಯ ಹೊಟ್ಟೆಯನ್ನು ಮುಟ್ಟಿ ನೋಡಲಾರ, ಎದೆಯ ಸದ್ದನ್ನು ನೇರವಾಗಿ ಆಲಿಸಲಾರ. ಅವನ ಪರವಾಗಿ ನೋಡುವ, ಮುಟ್ಟುವ, ಕಂಡದ್ದನ್ನು ಕರಾರುವಾಕ್ಕಾಗಿ ಹೇಳುವ ಹೊಣೆ ಉಪಕೇಂದ್ರದ ಅಧಿಕಾರಿಯ ಮೇಲೆ ಬೀಳುತ್ತದೆ. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ, ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿರುವ ಟೆಲಿಮನಸ್ ಸಹಾಯವಾಣಿಯಾದರೋ ಮಾತಿನಿಂದಲೇ ನಡೆಯುವ ಸೇವೆ. ಮನೋವೈದ್ಯಕ್ಕೆ ಒಗ್ಗಿದ ಈ ವಿಧಾನ ಹೃದ್ರೋಗಕ್ಕೆ ಹಾಗೆಯೇ ಒಗ್ಗುವುದಿಲ್ಲ.

ಈ ವ್ಯತ್ಯಾಸ ಎಷ್ಟು ಗಂಭೀರವೆಂಬುದನ್ನು 2025ರ ಮುಂಗಾರಿನ ಆರಂಭದ ದಿನಗಳು ಹಾಸನ ಜಿಲ್ಲೆಗೆ ಮನಗಾಣಿಸಿದವು. ಸುಮಾರು ಒಂದೂವರೆ ತಿಂಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಅವರಲ್ಲಿ ಹಲವರು ಕಿರಿಯ ವಯಸ್ಸಿನವರು, ಹೃದಯಾಘಾತದಿಂದ ಮೃತಪಟ್ಟರೆಂಬ ವರದಿಗಳು ಜನರನ್ನು ಭೀತಿಗೊಳಿಸಿದವು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಾವಿನ ಸಂಖ್ಯೆಯಲ್ಲಿ ಅಸಾಧಾರಣ ಏರಿಕೆ ಕಂಡಿಲ್ಲವೆಂದು ಸಮಿತಿ ಅಭಿಪ್ರಾಯಪಟ್ಟಿತು. ಆದರೆ ಏರಿಕೆ ಇಲ್ಲವೆಂಬುದು ಸಮಾಧಾನದ ಮಾತಲ್ಲ. ಇಂತಹ ಸಾವುಗಳು ಮೊದಲಿನಿಂದಲೂ ಸಂಭವಿಸುತ್ತಲೇ ಇದ್ದವು ಎಂಬುದು ಅದರ ಇನ್ನೊಂದು ಅರ್ಥ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದ ನಂತರ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಜಾರಿಗೊಳಿಸಿದ ಹೃದಯಜ್ಯೋತಿ ಯೋಜನೆಯ ಮಹತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೆಲವೇ ನಿಮಿಷಗಳಲ್ಲಿ ಪರಿಶೀಲಿಸಿ ತಿಳಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. ಈ ಔಷಧದ ಫಲ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು; ತಡವಾದಷ್ಟೂ ಹೃದಯದ ಸ್ನಾಯು ನಷ್ಟವಾಗುತ್ತ ಹೋಗುತ್ತದೆ. ತೋಟದ ಲೈನಿನಿಂದ ಹೊರಟ ರೋಗಿಗೆ ಹಾಸನದ ಬದಲು ಬೇಲೂರಿನಲ್ಲಿಯೇ ಚುಚ್ಚುಮದ್ದು ದೊರೆತರೆ ಉಳಿಯುವುದು ಕೇವಲ 40 ಕಿ.ಮೀ. ಪ್ರಯಾಣವಲ್ಲ, ಜೀವ.

ಹಾಗಿದ್ದರೂ ಎದೆಯ ಮೇಲಿನ ವಿದ್ಯುದ್ವಾರಗಳನ್ನು ತಪ್ಪು ಜಾಗದಲ್ಲಿ ಇಟ್ಟರೆ ಇಸಿಜಿಯೇ ದಾರಿ ತಪ್ಪಿಸುತ್ತದೆ. ಎಂತಹ ತಜ್ಞನೂ, ಎಂತಹ ಗಣಕವೂ ಅದನ್ನು ಪೂರ್ತಿಯಾಗಿ ಸರಿಪಡಿಸಲಾರದು. ಎದೆಯುರಿ ಎಂದು ಬಂದ ಕಾರ್ಮಿಕ ಮಹಿಳೆಗೆ ಇಸಿಜಿ ಮಾಡಬೇಕೆಂದು ಹೊಳೆಯದಿದ್ದರೆ ಯಂತ್ರ ಕೆಲಸವನ್ನು ಆರಂಭಿಸುವುದೇ ಇಲ್ಲ. ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಗಿದೆ. 2019ರಿಂದ ಜಾರಿಗೆ ಬಂದ ಸಾಮರ್ಥ್ಯಾಧಾರಿತ ವೈದ್ಯಶಿಕ್ಷಣ ಕ್ರಮ ಕೌಶಲ ಪ್ರಯೋಗಾಲಯಗಳಿಗೆ ಒತ್ತು ನೀಡಿದೆ. ಈ ತರಬೇತಿ ಕಾಲೇಜಿನ ಆವರಣವನ್ನು ದಾಟಿ ತಾಲ್ಲೂಕಿನ ಶುಶ್ರೂಷಕಿ, ಉಪಕೇಂದ್ರದ ಅಧಿಕಾರಿ, ಆಶಾ ಕಾರ್ಯಕರ್ತೆಯರಿಗೂ ಮೇಲಿಂದ ಮೇಲೆ ಸಿಗಬೇಕಾದುದು ಅವಶ್ಯ.

ಒಟ್ಟಾರೆ, ಈ ಐದು ದಶಕಗಳಲ್ಲಿ ತಜ್ಞತೆಯನ್ನು ಕಳುಹಿಸುವ ಸಾಧನ ಮತ್ತೆ ಮತ್ತೆ ಬದಲಾಗಿದೆ. ಅದನ್ನು ಬರಮಾಡಿಕೊಳ್ಳುವ ತುದಿಯಲ್ಲಿ ಶಿಕ್ಷಿತವಾದ ಒಬ್ಬ ವ್ಯಕ್ತಿ ಇರಬೇಕೆಂಬ ಅಗತ್ಯ ಬದಲಾಗಿಲ್ಲ. ಯೋಜನೆಗಳ ವರದಿಗಳು ಸಮಾಲೋಚನೆಗಳ ಸಂಖ್ಯೆಯನ್ನು ಎಣಿಸುವುದು ವಾಡಿಕೆ. ಪ್ರತಿ ಹೋಬಳಿಯಲ್ಲಿ ಸರಿಯಾಗಿ ಇಸಿಜಿ ತೆಗೆಯಬಲ್ಲವರು ಎಷ್ಟು ಮಂದಿ, ಅವರು ಎಷ್ಟು ವರ್ಷ ಅದೇ ಊರಿನಲ್ಲಿ ಉಳಿದರು ಎಂಬ ಲೆಕ್ಕವೂ ಅದರ ಜೊತೆಗೆ ಸೇರಬೇಕು. ಅರೇಹಳ್ಳಿಯ ಮಟ್ಟಿಗೆ ಡಿಜಿಟಲ್ ಆರೋಗ್ಯಸೇವೆಯ ಸಫಲತೆಯನ್ನು ತೀರ್ಮಾನಿಸುವುದು ಆ ಲೆಕ್ಕವೇ.